ಅಕ್ಕಿಆಲೂರಿನ ಮೂರು ಕಮಾನಿನ ಅಂಗಡಿ

ಬೆಳಿಗ್ಗೆ ಏಳಕ್ಕೆ ಹಾವೇರಿಯಲ್ಲಿ ಹಾನಗಲ್ ಬಸ್ಸು ಹತ್ತಿದೆ. ಹೆಂಗಸರಿಗೆ ಪ್ರಯಾಣ ಉಚಿತ. ಆಧಾರ್ ತೋರಿಸಿ ಕಿಟಕಿ ಹಿಡಿದೆ. ಮಳೆ ನಿಂತು ಗದ್ದೆಗಳು ಮಿನುಗುತ್ತಿದ್ದವು. ಹಾನಗಲ್ಲಿನಲ್ಲಿ ಬಿಸಿ ಮಿರ್ಚಿ, ಚುನಮರಿ ತಿಂದು ಅಕ್ಕಿಆಲೂರಿನ ಬಸ್ಸಿಗೆ ಬದಲಾಯಿಸಿದೆ.

ನಾನು ಪಾಲಿಟೆಕ್ನಿಕ್ಕಿನಲ್ಲಿ ಕಟ್ಟಡಗಳ ನಕ್ಷೆ ಬರೆಯುವುದನ್ನು ಕಲಿಸುವವಳು. ಹಳೆಯ ವಿದ್ಯಾರ್ಥಿನಿಯ ತಾಯಿ ನೀಲವ್ವ ಫೋನ್ ಮಾಡಿದ್ದರು: "ಸೋಮವಾರ ನಮ್ಮ ಅಂಗಡಿ ಮುಖಾನ ಕೆಡವತಾರಂತ್ರೀ ಅಕ್ಕಾರ. ಅದಕ್ಕಿಂತ ಮೊದಲ ಒಮ್ಮೆ ಬಂದು ನೋಡ್ರಿ."

ಪೇಟೆಯ ತಿರುವಿನಲ್ಲೇ ಆ ಬಟ್ಟೆ ಅಂಗಡಿ ಕಂಡಿತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಮುಂಬೈ ಪೇಟೆಯನ್ನು ಕಂಡುಬಂದ ಆ ಮನೆತನದ ಹಿರಿಯರೊಬ್ಬರು ಕಟ್ಟಿಸಿದ್ದು. ಮೂರು ಕಮಾನು, ಪ್ರತಿಯೊಂದರ ನೆತ್ತಿಯಲ್ಲಿ ಅರ್ಧಚಂದ್ರಾಕಾರದ ಬಣ್ಣದ ಗಾಜು, ತೆಳ್ಳನೆಯ ಕಬ್ಬಿಣದ ಕಂಬಗಳು. ಗೋಡೆಯಿಂದ ಹೊರಬಂದು ಸೂರನ್ನು ಹೊತ್ತ ನಾಲ್ಕು ಚಾಚುಗಳಲ್ಲಿ ಕುಸುರಿಯ ಬಳ್ಳಿ ಸುರುಳಿಗಟ್ಟಿತ್ತು. ಒಂದು ಕಡೆ ಸೂರು ಜಗ್ಗಿತ್ತು.

"ಎಲ್ಲಾ ಇಂಗ್ಲೆಂಡಿನ ಕಬ್ಬಿಣ್ರೀ, ತುಕ್ಕ ಹಿಡದೈತಿ," ಎಂದ ಅಂಗಡಿ ನೋಡಿಕೊಳ್ಳುತ್ತಿದ್ದ ಈರಣ್ಣ, ನೀಲವ್ವನ ಮೈದುನ. "ಬಿಳೇ ಮಂದಿ ಚಂದಕ್ಕ ನಾವ್ಯಾಕ ತಲೀ ಮ್ಯಾಲ ಕೆಡವಿಕೊಳ್ಳೂಣ್ರಿ?"

ಏಣಿ ಹಾಕಿಸಿ ಹತ್ತಿದೆ. ಜಗ್ಗಿದ ಕಡೆಯ ಚಾಚನ್ನು ಚಾಕುವಿನಿಂದ ಕೆರೆದೆ. ಹಸಿರು ಬಣ್ಣ, ಅದರಡಿ ಬಿಳಿ, ಅದರಡಿ ನೀಲಿ. ಅದರಡಿ ತುಕ್ಕಿರಲಿಲ್ಲ, ಸಾಗವಾನಿ ಮರವಿತ್ತು! ಗೆದ್ದಲು ತಿಂದದ್ದು ಒಂದು ತುದಿಯನ್ನಷ್ಟೇ. ಉಳಿದ ಮೂರು ಚಾಚುಗಳೂ ಮರದವೇ, ಗಟ್ಟಿಯಾಗಿದ್ದವು. ಬಳ್ಳಿಯೂ ಪರದೇಶದ್ದಲ್ಲ. ಏಣು ಎದ್ದ ಕಾಯಿ ನೋಡಿದರೆ ಸಾಕು, ನಮ್ಮ ಹಿತ್ತಲಿನ ಹೀರೇಬಳ್ಳಿ. ಚಾಚಿನ ಹಿಂಬದಿಯ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದಾಗ ಉಳಿಯಿಂದ ಕೊರೆದ ಅಕ್ಷರಗಳು ಕಂಡವು.

ಈರಣ್ಣನನ್ನು ಮೇಲೆ ಕರೆದು ನಾನು ಇಳಿದೆ. ಅವನು ಬೆರಳಾಡಿಸುತ್ತ ಓದಿದ: "ಆಲೂರ... ಬಡಿಗೇರ... ಕಾಳಪ್ಪ."

"ಯಾರ ಹೆಸರೋ ಈರಣ್ಣಾ?" ನೀಲವ್ವ ಕೆಳಗಿನಿಂದ ಕೇಳಿದರು.

"ನಮ್ಮೂರ ಬಡಿಗ್ಯಾಂದು, ಅತ್ತಿಗಿ." ಅಂಗಿಯ ತೋಳಿನಿಂದ ಆ ಅಕ್ಷರಗಳನ್ನು ಮತ್ತೊಮ್ಮೆ ಒರೆಸಿದ. ಇಳಿದವನೇ ಗುತ್ತಿಗೆದಾರನಿಗೆ ಫೋನ್ ಮಾಡಿದ: "ಸೋಮವಾರ ಬರಬ್ಯಾಡ್ರಿ. ಕೆಡವೂದಿಲ್ಲ. ಚೊಲೋ ಬಡಿಗೇರ ಯಾರರ ಇದ್ರ ಹೇಳ್ರಿ."

ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಮೊದಲ ಊಟಕ್ಕ ಏಳ್ರಿ," ಎಂದರು. ರೊಟ್ಟಿ, ಎಣ್ಣೆಗಾಯಿ ಉಂಡು, ತಿಂದುಹೋದ ತುದಿಗೆ ಹೊಸ ಮರ ಬೆಸೆಯುವ ಬಗೆಯನ್ನು ಬರೆದುಕೊಟ್ಟೆ. ಇಂಥ ಅಂಗಡಿಗಳೆಲ್ಲ ಹಡಗಿನಲ್ಲಿ ಬಂದ ಚೆಲುವು ಎಂದು ವರ್ಷಗಟ್ಟಲೆ ಪಾಠ ಹೇಳಿದವಳು ನಾನು. ಆ ಮಧ್ಯಾಹ್ನ ಹೀರೇಬಳ್ಳಿಯ ಒಂದೊಂದು ಎಲೆಯನ್ನೂ ನಕಲು ಮಾಡಿಕೊಂಡೆ.

ಸಂಜೆಯ ಬಸ್ಸು ಅಂಗಡಿಯ ಮುಂದೆಯೇ ಹಾದುಹೋಯಿತು. ಬಟ್ಟೆ ಕೊಳ್ಳಲು ಬಂದಿದ್ದ ರೈತ ದಂಪತಿಯನ್ನು ಈರಣ್ಣ ನಡುಬೀದಿಗೆ ಕರೆತಂದು ಸೂರಿನತ್ತ ಕೈ ತೋರಿಸುತ್ತಿದ್ದ. ಚಾಲಕ ಹಾರ್ನ್ ಹೊಡೆದರೂ ಮೂವರೂ ತಲೆ ಇಳಿಸಲಿಲ್ಲ.