ಪೊಕಲುಚೆ ಎಂಬ ಅಡ್ಡಹೆಸರು ಮತ್ತು ನನ್ನ ಸಿಟ್ಟು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೂ ಹೇಳುತ್ತಿಲ್ಲ. ಕೆಲವರಿಗೆ ಬೇಗ ನೆಗಡಿಯಾಗುತ್ತದಲ್ಲ, ಹಾಗೆ. ತೊಂದರೆಯೆಂದರೆ ನಾನಿರುವುದು ಸ್ವೀಡನ್ನಿನಲ್ಲಿ, ಮತ್ತು ಇಲ್ಲಿ ಸಿಟ್ಟಿಗೆ ಜೊತೆ ಸಿಗುವುದಿಲ್ಲ. ಬಸ್ಸು ತಡವಾಯಿತೆಂದು ಗೊಣಗಲು ಪಕ್ಕದವರ ಮುಖ ನೋಡಿದರೆ ಅವರು ಸರೋವರ ನೋಡುತ್ತಿರುತ್ತಾರೆ. ನಮ್ಮ ಗದಗಿನಲ್ಲಾಗಿದ್ದರೆ ಅಷ್ಟು ಹೊತ್ತಿಗೆ ನಾಲ್ಕು ಜನ ಸೇರಿ, ಬಸ್ಸಿನಿಂದ ಶುರುಮಾಡಿ ಸರಕಾರದವರೆಗೆ ಎಲ್ಲರನ್ನೂ ಬೈದು ಹಗುರಾಗಿರುತ್ತಿದ್ದೆವು.

ಯೋನ್‌ಶೋಪಿಂಗ್‌ನ ವಿಶ್ವವಿದ್ಯಾಲಯದಲ್ಲಿ ನಾನು ಲೋಹಗಳಲ್ಲಿ ಬಿರುಕು ಹುಡುಕುವ ಕೆಲಸ ಮಾಡುತ್ತೇನೆ. ಕಣ್ಣಿಗೆ ಕಾಣದ ಬಿರುಕನ್ನು ಕೆದಕಿ ತೆಗೆಯುವುದಕ್ಕೇ ಸಂಬಳ. ಈ ಚಟ ಮನೆಗೂ ಬಂತು ಅನ್ನುವುದೇ ಈ ಪ್ರಬಂಧ.

ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ ಒಂದೇ ಬಟ್ಟೆ ಒಗೆಯುವ ಕೋಣೆ. ಗೋಡೆಯ ಪಟ್ಟಿಯಲ್ಲಿ ಹೆಸರು ಬರೆದು ಹೊತ್ತು ಕಾದಿರಿಸಬೇಕು. ಆ ಹೊತ್ತಿನ ಪಾವಿತ್ರ್ಯ ಇಲ್ಲಿ ಮದುವೆಯ ಮುಹೂರ್ತಕ್ಕೂ ಇಲ್ಲ. ಒಂದು ಶನಿವಾರ ಬೆಳಿಗ್ಗೆ ಬುಟ್ಟಿ ಹೊತ್ತು ಇಳಿದರೆ ನನ್ನ ಯಂತ್ರದಲ್ಲಿ ಯಾರದೋ ಬಿಳಿ ಅಂಗಿಗಳು ತಿರುಗುತ್ತಿದ್ದವು. ಕನ್ನಡಿಗರ ಕೂಟಗಳಲ್ಲಿ ನಾನು ಬೆಂಗಳೂರಿನವಳಂತೆ ತಿದ್ದಿಕೊಂಡು ಮಾತಾಡುತ್ತೇನೆ. ಆದರೆ ಸಿಟ್ಟು ಬಂದಾಗ ಊರು ಹೊರಗೆ ಬರುತ್ತದೆ. "ಯಾರ್ರೀ ಇವ್ರು, ನನ್ನ ಟೈಮ್‌ನ್ಯಾಗ ತಮ್ಮ ಅರಿಬಿ ಹಾಕ್ಯಾರ?" ಎಂದು ಖಾಲಿ ಕೋಣೆಗೆ ಕೂಗಿದೆ. ಇಸ್ತ್ರಿ ಯಂತ್ರದ ಹಿಂದಿನಿಂದ ಎಂಬತ್ತರ ಆಸುಪಾಸಿನ ಮುದುಕರೊಬ್ಬರು ಎದ್ದು ನಿಂತು, ಎರಡೂ ಕೈ ಎತ್ತಿ, "ತಪ್ಪು ನನ್ನದು. ಆದರೆ ಇದು ಯಾವ ಭಾಷೆ? ನನ್ನ ಅಮ್ಮ ಬೈದ ಹಾಗೇ ಕೇಳಿಸಿತು" ಎಂದರು.

ಹಾಗೆ ಪರಿಚಯವಾದವರು ಎನ್ಸೋ ಪೊಕಲುಚೆ. ಸ್ವೀಡಿಷಿನಲ್ಲಿ ಎಲ್ಲರೂ ಎಲ್ಲರಿಗೂ 'ನೀನು'. ಕನ್ನಡದಲ್ಲಿ ಬರೆಯುವಾಗ ನನ್ನ ಕೈ ಅದಕ್ಕೆ ಒಪ್ಪುವುದಿಲ್ಲ. ಎನ್ಸೋ ಐದು ವರ್ಷದವರಿದ್ದಾಗ ಅವರ ತಂದೆ ಇಲ್ಲಿನ ಕಾರ್ಖಾನೆಗೆ ಲೇತ್ ಕೆಲಸಕ್ಕೆಂದು ಇಟಲಿಯಿಂದ ಬಂದಿದ್ದರಂತೆ. ದೊಡ್ಡವರಾದ ಮೇಲೆ ಎನ್ಸೋ ಕೂಡ ಇಲ್ಲಿನ ಬೇರೊಂದು ಕಾರ್ಖಾನೆ ಸೇರಿ ಅಲ್ಲೇ ನಿವೃತ್ತರಾದರು. ಹೆಂಡತಿ ತೀರಿಕೊಂಡಿದ್ದಾರೆ. ಮಗಳು ಮಾರಿಯಾ ಇದೇ ಊರಿನ ಇನ್ನೊಂದು ದಡದಲ್ಲಿ ಹಲ್ಲಿನ ಡಾಕ್ಟರು.

"ಪೊಕಲುಚೆ ಅಂದರೆ ಸ್ವಲ್ಪ ಬೆಳಕು. ನಮ್ಮ ಹಿರಿಯರು ಬೀದಿ ದೀಪ ಹಚ್ಚುವವರಾಗಿದ್ದರು ಅಂತ ಅಪ್ಪ ಹೇಳುತ್ತಿದ್ದ. ಈ ದೇಶದಲ್ಲಿ ಈ ಹೆಸರಿನವರು ನಾವಿಬ್ಬರೇ, ನಾನು ಮತ್ತು ಮಾರಿಯಾ" ಎಂದು ಎನ್ಸೋ ಎದೆ ಸ್ವಲ್ಪ ಮುಂದೆ ಮಾಡಿ ಹೇಳಿದರು.

ಅಡ್ಡಹೆಸರು ನನ್ನ ಮಟ್ಟಿಗೆ ಬರಿಯ ಕುತೂಹಲದ ವಿಷಯವಲ್ಲ, ಗಾಯದ ವಿಷಯ. ನಾನು ಹುಟ್ಟಾ ಸುಮಂಗಲಾ ಉಳ್ಳಾಗಡ್ಡಿ. ಈರುಳ್ಳಿಗೆ ನಮ್ಮ ಕಡೆ ಉಳ್ಳಾಗಡ್ಡಿ ಅನ್ನುತ್ತೇವೆ. ಅಜ್ಜನ ಅಜ್ಜ ಎತ್ತಿನ ಗಾಡಿಯಲ್ಲಿ ಅದನ್ನು ಸಂತೆಗೆ ಒಯ್ಯುತ್ತಿದ್ದನಂತೆ, ಹೆಸರು ಮನೆತನಕ್ಕೆ ಅಂಟಿತು. ಬೆಂಗಳೂರಿನ ಕಾಲೇಜಿನಲ್ಲಿ ಮೊದಲ ದಿನ ಹಾಜರಿ ಕರೆದಾಗ ಇಡೀ ತರಗತಿ ಕಣ್ಣು ಒರೆಸಿಕೊಳ್ಳುವ ನಾಟಕ ಮಾಡಿತು. ಮದುವೆಯಾದ ಮೇಲೆ ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಸೇರಿಸಿ ಸುಮಂಗಲಾ ರವೀಂದ್ರ ಆದೆ. ಆ ನೆಪ ಸಿಕ್ಕಿದ್ದಕ್ಕೆ ಖುಷಿಯಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಸ್ವೀಡನ್ನಿನವರ ಅಡ್ಡಹೆಸರುಗಳು ಇಂಥ ಪೇಚಿಗೆ ಸಿಕ್ಕಿಸುವುದಿಲ್ಲ. ಮೊದಲು ಅವರಿಗೂ ಅಪ್ಪನ ಹೆಸರೇ ಗತಿಯಾಗಿತ್ತು, ಆಂಡರ್ಸ್ ಎಂಬವನ ಮಗ ಆಂಡರ್ಸನ್. ಒಂದೇ ತುಕಡಿಯಲ್ಲಿ ಹತ್ತು ಆಂಡರ್ಸನ್‌ಗಳಾದರೆ ಯಾರನ್ನೆಂದು ಕೂಗುವುದು ಎಂದು ಸೇನೆಯವರು ಸಿಪಾಯಿಗಳಿಗೆ ಕತ್ತಿ, ಧೀರ, ಚುರುಕು ಎಂದು ಚುಟುಕು ಹೆಸರಿಟ್ಟರು. ಉಳಿದವರು ಒಂದು ಮರ ಒಂದು ಬೆಟ್ಟ, ಒಂದು ಹೂ ಒಂದು ಹೊಳೆ ಜೋಡಿಸಿ ತಮಗೆ ತಾವೇ ಹೆಸರು ಕಟ್ಟಿಕೊಂಡರು. ಚೆಂದದ ಹೆಸರುಗಳೇ. ನನ್ನ ಸಿಟ್ಟೆಲ್ಲ ಅವು ಇಷ್ಟು ಚೆಂದವಾಗಿವೆ ಅನ್ನುವುದರ ಮೇಲೆಯೇ.

ಎನ್ಸೋ ಅವರ ದೀಪದ ಕತೆಯಲ್ಲಿ ನನಗೆ ಬಿರುಕು ಕಂಡಿತು. ದೀಪ ಹಚ್ಚುವವರಿಗೆ 'ಸ್ವಲ್ಪ ಬೆಳಕು' ಎಂದು ಯಾರಾದರೂ ಕರೆಯುತ್ತಾರೆಯೇ? ಅದು ಬೈಗುಳವಾಯಿತಲ್ಲ. ಅವರ ಒಪ್ಪಿಗೆ ಪಡೆದು, ಅವರ ತಂದೆಯ ಊರಿನ ದಾಖಲೆಗಳ ಕಚೇರಿಗೆ ಪತ್ರ ಬರೆದೆ. ಎರಡು ತಿಂಗಳ ಮೇಲೆ ಒಬ್ಬ ದಯಾಳು ಹೆಂಗಸು ಹಳೆಯ ಪುಟವೊಂದರ ಚಿತ್ರ ಕಳಿಸಿ, ಅರ್ಥವನ್ನೂ ಬಿಡಿಸಿ ಬರೆದಿದ್ದರು.

ಅನಾಥಾಲಯದ ಪುಸ್ತಕದ ಪುಟ ಅದು. ಅಲ್ಲಿನ ಗೋಡೆಯಲ್ಲಿ ತಿರುಗುವ ಮರದ ಪೆಟ್ಟಿಗೆಯೊಂದು ಇರುತ್ತಿತ್ತಂತೆ. ಸಾಕಲಾಗದ ತಾಯಿ ಹೊರಗಿನಿಂದ ಮಗುವನ್ನು ಅದರಲ್ಲಿ ಮಲಗಿಸಿ ಗಂಟೆ ಎಳೆದು ಹೋದರೆ, ಒಳಗಿನವರು ಪೆಟ್ಟಿಗೆ ತಿರುಗಿಸಿ ಮಗುವನ್ನು ಎತ್ತಿಕೊಳ್ಳುತ್ತಿದ್ದರು. ಯಾರೂ ಯಾರ ಮುಖವನ್ನೂ ನೋಡುವಂತಿರಲಿಲ್ಲ. ಆಮೇಲೆ ಗುಮಾಸ್ತ ಬರೆದುಕೊಳ್ಳುತ್ತಿದ್ದ. ಈ ಪುಟದಲ್ಲಿ ಬರೆದದ್ದು ಇಷ್ಟು: ಬೆಳಗಿನ ಜಾವ, ಗಂಡು ಮಗು, ಎರಡು ದಿನದ್ದಿರಬಹುದು, ಹಸಿರು ಗೆರೆಯ ಬಟ್ಟೆ ಸುತ್ತಿದೆ, ಕೊರಳಲ್ಲಿ ಅರ್ಧಕ್ಕೆ ಮುರಿದ ಪದಕ. ಇನ್ನರ್ಧ ತಾಯಿಯ ಹತ್ತಿರ ಇರುತ್ತದೆ, ಮುಂದೊಂದು ದಿನ ಬಂದು ಗುರುತು ಹಿಡಿಯಲು. ಯಾರೂ ಬರಲಿಲ್ಲ. ಒಬ್ಬರಿಗಿಟ್ಟ ಹೆಸರನ್ನು ಇನ್ನೊಬ್ಬರಿಗೆ ಇಡಬಾರದೆಂದು ಗುಮಾಸ್ತರು ದಿನಕ್ಕೊಂದು ಹೊಸ ಅಡ್ಡಹೆಸರು ಹೊಸೆಯುತ್ತಿದ್ದರಂತೆ. ಆ ಮನುಷ್ಯ ಕಿಟಕಿಯಾಚೆ ನೋಡಿರಬೇಕು. ಇನ್ನೂ ಸರಿಯಾಗಿ ಬೆಳಗಾಗಿರಲಿಲ್ಲ. ಪೊಕಲುಚೆ ಎಂದು ಬರೆದ. ಎನ್ಸೋ ಅವರ ಹಿರಿಯನಾದ ಆ ಒಂದೇ ಮಗುವಿನಿಂದ ಹುಟ್ಟಿದ ಹೆಸರಾದ್ದರಿಂದ ಎಂದೂ ಹೆಚ್ಚು ಜನರದ್ದಾಗಲಿಲ್ಲ. ಆ ಊರಿನಲ್ಲಿ ಈಗ ಈ ಹೆಸರಿನ ಯಾರೂ ಇಲ್ಲ, ಬೇರೆಡೆ ಇದ್ದ ಹಾಗೂ ಕಾಣುವುದಿಲ್ಲ ಎಂದು ಆ ಹೆಂಗಸು ಕೊನೆಗೆ ಸೇರಿಸಿದ್ದರು.

ಎನ್ಸೋ ಅವರಿಗೆ ಇದನ್ನು ಓದಿ ಹೇಳಿದಾಗ ಅವರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, "ಹಸಿರು ಗೆರೆಯ ಬಟ್ಟೆ ಅಂತ ಇದೆಯಲ್ಲ, ಅದನ್ನು ಇನ್ನೊಮ್ಮೆ ಓದಿ" ಎಂದರು. ಅಷ್ಟೇ.

ಇದಾಗಿ ಹತ್ತು ದಿನವಿಲ್ಲ, ಮಾರಿಯಾ ಮದುವೆಯ ಸುದ್ದಿ ಬಂತು. ಪ್ಯಾರ್ ಬ್ಯೋರ್ಕ್ ಎಂಬಾತನ ಜೊತೆ ಇಪ್ಪತ್ತು ವರ್ಷ ಬಾಳಿ, ಅಪ್ಪನ ಅಡ್ಡಹೆಸರಿಟ್ಟುಕೊಂಡ ಮಗ ಕಾಲೇಜಿಗೆ ಹೋದ ಮೇಲೆ, ಈಗ ಮದುವೆ. ಇಲ್ಲಿ ಇದು ಮಾಮೂಲು. ಆದರೆ ಮದುವೆಯ ಜೊತೆ ಪೊಕಲುಚೆ ಬಿಟ್ಟು ಬ್ಯೋರ್ಕ್ ಆಗುತ್ತಾಳಂತೆ. ಬ್ಯೋರ್ಕ್ ಎಂದರೆ ಬರ್ಚ್ ಮರ. ಈ ದೇಶದಲ್ಲಿ ಎಲ್ಲಿ ಕಲ್ಲೆಸೆದರೂ ಒಂದು ಬರ್ಚ್ ಮರಕ್ಕೆ ತಾಗುತ್ತದೆ.

ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ! ಅನಾಥ ಮಗುವಿನ ಹೆಸರೆಂದು ಗೊತ್ತಾದ ಕೂಡಲೇ ಅಸಹ್ಯವಾಯಿತು ಅವಳಿಗೆ, ನನ್ನ ಕೆದಕಾಟದಿಂದಲೇ ಆಯಿತು ಎಂದುಕೊಂಡು ಅಡುಗೆಮನೆಯಲ್ಲಿ ಪಾತ್ರೆಗಳ ಮೇಲೆ ತೀರಿಸಿಕೊಂಡೆ. ಬೆಂಗಳೂರಿನವನಾದ ನನ್ನ ಗಂಡ ರವೀಂದ್ರನಿಗೆ ಅಡ್ಡಹೆಸರೇ ಇಲ್ಲ, ಎರಡು ಇನಿಶಿಯಲ್ ಮಾತ್ರ. ಅವನು ಫೋನಿನಿಂದ ತಲೆಯೆತ್ತದೆ, "ಯಾಕಮ್ಮಾ ಇಷ್ಟು ಟೆನ್ಶನ್? ನೀನೂ ಉಳ್ಳಾಗಡ್ಡಿ ಬಿಟ್ಯಲ್ಲ. ಅವಾಗ ಗದಗದಲ್ಲಿ ಯಾರಾದ್ರೂ ಪಾತ್ರೆ ಕುಕ್ಕಿದ್ರಾ?" ಎಂದ.

"ನಮ್ಮಪ್ಪಾ ಪಾಸ್‌ಪೋರ್ಟ್ ತಿರುವಿ ನೋಡಿ, ಏನೂ ಅನ್ಲಾರದ ಕೊಟ್ಟಿದ್ರು," ಅಂದೆ. ಹೇಳಿ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯತೊಡಗಿದೆ. ರವಿ ಫೋನು ಕೆಳಗಿಟ್ಟ.

ಮರುದಿನ ಇನ್ನೊಂದು ಹುಚ್ಚು ಮಾಡಿದೆ. ಯಾರಿಗೂ ಬೇಡವಾದರೆ ಆ ಹೆಸರನ್ನು ನಾನೇ ಇಟ್ಟುಕೊಳ್ಳುತ್ತೇನೆ ಎಂದು ಹೆಸರು ನೋಂದಾಯಿಸುವ ಕಚೇರಿಗೆ ಫೋನು ಮಾಡಿದೆ. ಅತ್ತಲಿಂದ ಹೆಣ್ಣುದನಿ ಬಹಳ ನಯವಾಗಿ, "ಅದು ಆಗುವುದಿಲ್ಲ. ಅಪರೂಪದ ಹೆಸರು, ಅದಕ್ಕೆ ಕಾನೂನಿನ ರಕ್ಷಣೆಯಿದೆ" ಎಂದಿತು.

"ಯಾರಿಂದ ರಕ್ಷಣೆ?"

ಅವಳು ಒಂದು ಕ್ಷಣ ಯೋಚಿಸಿದಳು. "ಈಗಿನ ಮಟ್ಟಿಗೆ, ನಿಮ್ಮಿಂದ."

ಬಿಡುವವರಿಗೆ ಬಾಗಿಲು ತೆರೆದಿದೆ, ಹಿಡಿಯುವವರಿಗೆ ಬೀಗ. ಸಿಟ್ಟು ಇಮ್ಮಡಿಯಾಗಿ ನೆಟ್ಟಗೆ ಮಾರಿಯಾಳ ಕ್ಲಿನಿಕ್ಕಿಗೆ ಹೋದೆ. ಊಟದ ಬಿಡುವಿನಲ್ಲಿದ್ದ ಅವಳೆದುರು ಕೂತು ಹೇಳಬಾರದ್ದನ್ನೆಲ್ಲ ಹೇಳಿದೆ. ಒಂದು ಮಗುವಿನ ಮೈಮೇಲೆ ಹಸಿರು ಗೆರೆಯ ಬಟ್ಟೆ ಬಿಟ್ಟರೆ ಇದ್ದದ್ದು ಆ ಹೆಸರೊಂದೇ, ಅದನ್ನು ನೀನು ಕಸದ ಬುಟ್ಟಿಗೆ ಹಾಕುತ್ತಿದ್ದೀಯಲ್ಲ ಎಂದೆ. ಅವಳು ಕೈಯಲ್ಲಿದ್ದ ಬ್ರೆಡ್ಡನ್ನು ಕೆಳಗಿಟ್ಟಳು.

"ಆ ಮಗುವಿನ ಮೇಲೆ ನನಗೆ ಸಿಟ್ಟಿಲ್ಲ. ಇಟಲಿಯಿಂದ ನಿಮಗೆ ಕಾಗದ ಬರುವ ಮುಂಚೆಯೇ ಅರ್ಜಿ ಹಾಕಿದ್ದೆ" ಎಂದಳು. "ಅಪ್ಪ ನಿಮಗೆ ಕಾರ್ಖಾನೆಯ ಗೇಟಿನ ವಿಷಯ ಹೇಳಿದ್ದಾರಾ?"

ಇಲ್ಲ ಎಂದೆ.

"ನನಗಾಗ ಒಂಬತ್ತು ವರ್ಷ. ಶಾಲೆಯಲ್ಲಿ ನನ್ನ ಹೆಸರನ್ನು ತಿರುಚಿ ಹಾಡು ಕಟ್ಟಿದ್ದರು. ಅಳುತ್ತ ಬಂದರೆ ಅಪ್ಪ ತಲೆ ಎತ್ತಿಕೊಂಡು ನಡಿ, ಇದು ನಮ್ಮ ಹೆಸರು ಅನ್ನುತ್ತಿದ್ದರು. ಒಂದು ದಿನ ಅವರು ಊಟದ ಡಬ್ಬಿ ಮರೆತು ಹೋದರು. ನಾನು ಸೈಕಲ್ಲಿನಲ್ಲಿ ಒಯ್ದು ಗೇಟಿನಲ್ಲಿ, ಎನ್ಸೋ ಪೊಕಲುಚೆಗೆ ಕೊಡಿ ಅಂದೆ. ಕಾವಲುಗಾರ ಪಟ್ಟಿ ನೋಡಿ, ಅಂಥವರು ಯಾರೂ ಇಲ್ಲಿ ಕೆಲಸ ಮಾಡುವುದಿಲ್ಲ ಅಂದ. ನಾನು ಹೋಗಲಿಲ್ಲ, ಜೋರಾಗಿ ಕೂಗಿದೆ. ಅಪ್ಪ ಓಡಿ ಬಂದರು. ಅಂಗಿಯ ಮೇಲೆ ಲಿಂಡ್ ಅಂತ ಹೊಲಿದಿತ್ತು. ಇಲ್ಲಿ ಆ ಹೆಸರು ಕೂಗಬೇಡ ಅಂತ ಪಿಸುಗುಟ್ಟಿದರು."

ಬ್ರೆಡ್ಡನ್ನು ಡಬ್ಬಿಗೆ ಹಾಕಿ ಮುಚ್ಚಿ ಹೇಳಿದಳು. "ತಮಗೆ ಹೊರಲಾಗದ್ದನ್ನು ಒಂಬತ್ತು ವರ್ಷದವಳ ತಲೆ ಮೇಲೆ ಇಟ್ಟಿದ್ದರು. ನಾನು ನಲವತ್ತು ವರ್ಷ ಹೊತ್ತೆ. ಸಾಕು."

ಅಲ್ಲಿಂದ ಎದ್ದು ಬಂದ ನಾನು ದಾರಿಯುದ್ದಕ್ಕೂ ಸಿಟ್ಟಿನ ದಿಕ್ಕು ಬದಲಿಸಿಕೊಂಡು, ಎನ್ಸೋ ಮನೆಯ ಬಾಗಿಲು ಬಡಿದೆ. "ಲಿಂಡ್ ಯಾರು?" ಎಂದು ಹೊಸ್ತಿಲಲ್ಲೇ ಕೇಳಿದೆ.

ಎನ್ಸೋ ಕೂತರು. ಫೋರ್‌ಮನ್‌ಗೆ ಪೊಕಲುಚೆ ಅನ್ನಲು ಬರುತ್ತಿರಲಿಲ್ಲವಂತೆ, ಮೊದಲ ವಾರವೇ ಲಿಂಡ್ ಎಂದು ಇಲ್ಲಿನ ಇನ್ನೊಂದು ಮರದ ಹೆಸರು ಬರೆದನಂತೆ. ತಿದ್ದಬಹುದಿತ್ತು. "ಆದರೆ ಲಿಂಡ್ ಅಂದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಯಾರೂ ತಿರುಗಿ ನೋಡದಿರುವುದು ಎಷ್ಟು ಸುಖ ಅಂತ ನಿಮಗೆ ಗೊತ್ತಿರಬೇಕು" ಎಂದರು. ಗೊತ್ತಿತ್ತು. ಅದಕ್ಕೇ ನನಗೆ ಇನ್ನಷ್ಟು ರೇಗಿತು. "ಹಾಗಾದ್ರೆ ಅವಳಿಗೆ ಯಾಕೆ ಹೇಳಿದಿರಿ ತಲೆ ಎತ್ತಿಕೊಂಡು ನಡಿ ಅಂತ?" ಎಂದೆ. ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತಲೇ ಇದ್ದರು.

ಮುಂದಿನ ವಾರ ಅವರೇ ಬಂದು ಕದ ತಟ್ಟಿದರು. ಕಾರ್ಖಾನೆಯ ನಿವೃತ್ತರು ತಿಂಗಳಿಗೊಮ್ಮೆ ಕಾಫಿಗೆ ಸೇರುತ್ತಾರಂತೆ. "ಮಾರಿಯಾ ಬರಲು ಒಪ್ಪಿದ್ದಾಳೆ. ನೀವೂ ಬನ್ನಿ. ನನಗೆ ಗೊತ್ತಿರುವವರಲ್ಲಿ ನಿಮ್ಮಷ್ಟು ಸಿಟ್ಟಿನವರು ಬೇರೆ ಯಾರೂ ಇಲ್ಲ. ನಾನು ಹಿಂಜರಿದರೆ ಬೈಯಲು ಒಬ್ಬರು ಬೇಕು."

ಅಲ್ಲಿ ಹದಿನೈದು ಮುದುಕರು, ದಾಲ್ಚಿನ್ನಿ ಬನ್ನು, ಫ್ಲಾಸ್ಕಿನ ಕಾಫಿ. ಎನ್ಸೋ ಎದ್ದು ನಿಂತರು. "ನನ್ನ ಹೆಸರು ಲಿಂಡ್ ಅಲ್ಲ. ಎನ್ಸೋ ಪೊಕಲುಚೆ. ಇವಳು ನನ್ನ ಮಗಳು. ಒಂದು ದಿನ ಇವಳು ಗೇಟಿನಲ್ಲಿ ನನ್ನ ಹೆಸರು ಕೂಗಿದಾಗ ನಾನು ಸುಮ್ಮನಿರಿಸಿದೆ. ಅದು ತಪ್ಪಾಯಿತು."

ಬೆಂಗ್ಟ್ ಎಂಬ ಎತ್ತರದ ಮುದುಕ ನಿಧಾನವಾಗಿ ಕಪ್ಪು ಕೆಳಗಿಟ್ಟು ಹೇಳಿದ: "ಅದು ನಮಗೆ ಗೊತ್ತಿತ್ತು, ಎನ್ಸೋ. ಯೂನಿಯನ್ ಕಾರ್ಡಿನಲ್ಲಿ ಇತ್ತಲ್ಲ."

"ಗೊತ್ತಿದ್ದೂ ಒಮ್ಮೆಯೂ ಕರೆಯಲಿಲ್ಲವಾ?" ಎಂದರು ಎನ್ಸೋ.

"ನಿನಗೇ ಇಷ್ಟವಿಲ್ಲ ಅಂದುಕೊಂಡೆವು. ಕೇಳುವುದು ಸರಿಯಲ್ಲ ಅನಿಸಿತು."

"ಏ ಮಾರಾಯರ, ದೇವ್ರು ಬಾಯಿ ಕೊಟ್ಟಿದ್ದು ಬನ್ ತಿನ್ನಾಕಷ್ಟ ಏನ್ರೀ?" ಎಂದು ನನ್ನ ಬಾಯಿಂದ ಕನ್ನಡದಲ್ಲಿ, ಗದಗಿನ ಬಸ್‌ಸ್ಟ್ಯಾಂಡಿನ ಎತ್ತರದಲ್ಲಿ ಹೊರಟಿತು. ಹದಿನೈದು ಜನರೂ ಗೌರವದಿಂದ ತಲೆಯಾಡಿಸಿದರು. ಮಾರಿಯಾ ನಕ್ಕುಬಿಟ್ಟಳು. ಆಮೇಲೆ ಬೆಂಗ್ಟ್, ಹೇಗೆ ಅನ್ನಬೇಕು ಹೇಳಿಕೊಡು ಎಂದ. ಪೊಕ್ಕಲುಸ್ಸ. ಪಾಕಲೂಶ್. ಒಬ್ಬೊಬ್ಬರೂ ಸರದಿಯಲ್ಲಿ ಪ್ರಯತ್ನಿಸಿದರು. ಎನ್ಸೋ ಶಾಲೆಯ ಮಾಸ್ತರರಂತೆ ಬೆರಳೆತ್ತಿ ತಿದ್ದುತ್ತ ಹೋದರು. ಎಲ್ಲರಿಗೂ ಬರುವವರೆಗೆ ಬಿಡಲಿಲ್ಲ. ಮಾರಿಯಾ ಮುಖ ಮುಚ್ಚಿಕೊಂಡಿದ್ದಳು. ಆಗ ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ.

ಅವಳು ಅರ್ಜಿ ಹಿಂತೆಗೆದುಕೊಳ್ಳಲಿಲ್ಲ. ಕಳೆದ ತಿಂಗಳು ಮದುವೆಯಾಗಿ ಮಾರಿಯಾ ಬ್ಯೋರ್ಕ್ ಆದಳು. ಅತ್ಯಂತ ಜೋರಾಗಿ ಚಪ್ಪಾಳೆ ತಟ್ಟಿದವರು ಎನ್ಸೋ. ನಿಮಗೆ ಬೇಜಾರಿಲ್ಲವಾ ಎಂದು ಕೇಳಿದೆ. "ಆ ಗುಮಾಸ್ತ ಇದನ್ನು ಬರೆದದ್ದು ಒಂದು ಮಗುವಿಗೆ" ಎಂದರು. "ಆ ಮಗು ಬದುಕಿತು. ಹೆಸರಿನ ಕೆಲಸ ಅಲ್ಲಿಗೇ ಮುಗಿದಿತ್ತು. ಉಳಿದವರೆಲ್ಲ ಸುಮ್ಮನೆ ಉಪಯೋಗಿಸಿದೆವು."

ಮದುವೆ ಮುಗಿದು ವಾಪಸು ಬರುವಾಗ ಅವರನ್ನೂ ನನ್ನನ್ನೂ ಮಾರಿಯಾಳೇ ಕಾರಿನಲ್ಲಿ ಮನೆಗೆ ಬಿಟ್ಟಳು. ಎನ್ಸೋ ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು.

"ನಿಮಗೆ ಇನ್ನೂ ಸಿಟ್ಟಿದೆ" ಎಂದಳು ಕನ್ನಡಿಯಲ್ಲಿ ನನ್ನನ್ನು ನೋಡಿ.

"ಇದೆ."

"ಯಾರ ಮೇಲೆ?"

ನಾನು ಒಬ್ಬೊಬ್ಬರನ್ನಾಗಿ ನೆನೆಯುತ್ತ ಹೋದೆ. ಮಗುವನ್ನು ಬಿಟ್ಟು ಹೋದ ತಾಯಿ, ನಾಲಿಗೆ ತಿರುಗದ ಫೋರ್‌ಮನ್, ಸಭ್ಯತೆಯಿಂದ ಸುಮ್ಮನಿದ್ದ ಹದಿನೈದು ಮುದುಕರು, ಮುಂದೆ ಗೊರಕೆ ಹೊಡೆಯುತ್ತಿರುವ ಈ ಮನುಷ್ಯ, ನಮ್ಮಪ್ಪನ ಕೈಗೆ ಪಾಸ್‌ಪೋರ್ಟ್ ಕೊಟ್ಟ ನಾನು. ನನ್ನ ಸಿಟ್ಟಿಗೆ ಸಿಕ್ಕವರೆಲ್ಲ ಒಂದೋ ಸತ್ತವರು, ಇಲ್ಲವೇ ಹೆದರಿದ್ದ ಒಳ್ಳೆಯವರು.

"ಹುಡುಕುತ್ತಾ ಇದ್ದೇನೆ" ಎಂದೆ.