ಹಗ್ಗ ಬಿಟ್ಟು ಓಡಿದವನು

ದುರುಗಪ್ಪ, ಅವತ್ತು ಬಲೆಯ ಹಗ್ಗ ಬಿಟ್ಟು ಓಡಿದವನು ನೀನಲ್ಲ, ನಾನು. ಹದಿನೆಂಟು ವರ್ಷ ಊರವರು ನಿನ್ನ ಬೆನ್ನ ಹಿಂದೆ ಆಡಿದ ಮಾತೆಲ್ಲ ನನಗೆ ಸಲ್ಲಬೇಕಾದದ್ದು. ಇದನ್ನು ಮೊದಲೇ ಬರೆದುಬಿಡುತ್ತಿದ್ದೇನೆ — ತಡಮಾಡಿದರೆ ಏನಾದರೂ ನೆಪ ಸಿಕ್ಕೀತು. ನನಗೆ ನೆಪಗಳು ಬೇಗ ಸಿಗುತ್ತವೆ.

ಮೂರು ದಿನದಿಂದ ಒಂದು ಕಡೆ ಕೂತಿಲ್ಲ. ಕಾಲುವೆಯವರೆಗೆ ಹೋಗುತ್ತೇನೆ, ಯಾಕೆ ಬಂದೆನೆಂದು ಮರೆತು ತಿರುಗುತ್ತೇನೆ. ಉಣ್ಣಲು ಕೂತವನು ಎದ್ದು ಬಾಗಿಲಿಗೆ ಬರುತ್ತೇನೆ. ನಿನಗೆ ಗೊತ್ತಿರುವುದನ್ನೇ ನಿನಗೆ ಹೇಳುತ್ತಿದ್ದೇನೆ, ನಿಜ. ಆದರೆ ಇದು ಊರಿಗೂ ಕೇಳಬೇಕು, ಅದಕ್ಕೆ ಮೊದಲಿನಿಂದ ಬರೆಯುತ್ತೇನೆ.

ನಮ್ಮೂರು ಮೆಟ್ರಿಯಿಂದ ಸಂಡೂರಿನ ಆಚೆ, ಚೋರನೂರು ಕಡೆಯ ಗುಡ್ಡಗಳಿಗೆ ಕಾಡುಹಂದಿ ಬೇಟೆಗೆ ಹೋಗುವ ತಂಡಕ್ಕೆ ಜನರನ್ನು ಆರಿಸುತ್ತಿದ್ದವನು ನಾನು. ಅದು ಕಾನೂನಿಗೆ ವಿರುದ್ಧವೆಂದು ಎಲ್ಲರಿಗೂ ಗೊತ್ತಿತ್ತು, ಗೊತ್ತಿದ್ದೇ ಹೋಗುತ್ತಿದ್ದೆವು. ಊರ ಮಗ್ಗುಲಿನ ಬೇಟೆಗೆ ಯಾರಾದರೂ ಆದೀತು. ಆದರೆ ಎರಡು ದಿನದ ಬೇಟೆ, ಗುರುತಿಲ್ಲದ ಗುಡ್ಡ — ಅಲ್ಲಿ ಜೊತೆಗಾರ ಸರಿಯಿಲ್ಲದಿದ್ದರೆ ಜೀವಕ್ಕೇ ಬರುತ್ತದೆ. ಕುಡಿಯುವವನನ್ನು ಬಿಡುತ್ತಿದ್ದೆ, ತನ್ನ ಶೌರ್ಯ ತಾನೇ ಹೇಳಿಕೊಳ್ಳುವವನನ್ನು ಬಿಡುತ್ತಿದ್ದೆ. ಗುರಿ, ಓಟ, ತೋಳಬಲ ಯಾವುದನ್ನೂ ನೋಡುತ್ತಿರಲಿಲ್ಲ. ಹಿಡಿ ಅಂದ ಹಗ್ಗವನ್ನು ಬಿಡು ಅನ್ನುವ ತನಕ ಹಿಡಿದಾನೋ ಇಲ್ಲವೋ, ಅಷ್ಟೇ. "ಜಂಬಣ್ಣ ಆರಿಸ್ಯಾನಂದ್ರ ಮುಗೀತು" ಎನ್ನುತ್ತಿದ್ದರು ಜನ. ನೀನು ಹಿಡಿದೀಯಾ ಎಂದು ಅವರು ನನ್ನನ್ನು ಕೇಳಲಿಲ್ಲ, ನಾನೂ ನನ್ನನ್ನು ಕೇಳಿಕೊಳ್ಳಲಿಲ್ಲ.

ಆ ಸಲ ಐದು ಜನ ಹೋದೆವು. ನಾಯಿ ಬಿಟ್ಟು ಹಂದಿ ಎಬ್ಬಿಸುವವರು ಇಬ್ಬರು. ಹಳ್ಳಕ್ಕೆ ಅಡ್ಡ ಕಟ್ಟಿದ ಬಲೆಯ ನಡುವೆ, ಪೊದೆಯ ಮರೆಯಲ್ಲಿ ಈಟಿ ಹಿಡಿದು ನನ್ನ ದೊಡ್ಡಪ್ಪನ ಮಗ ಈರಣ್ಣ. ಬಲೆಯ ಒಂದು ತುದಿಯ ಹಗ್ಗ ನಿನ್ನ ಕೈಯಲ್ಲಿ, ಇನ್ನೊಂದು ತುದಿ ನನ್ನ ಕೈಯಲ್ಲಿ. ಹಂದಿ ನುಗ್ಗಿದ ಕೂಡಲೇ ಇಬ್ಬರೂ ಜಗ್ಗಬೇಕು.

ಬಿಸಿಲು ಏರಿತ್ತು. ನಾಯಿಗಳ ಸದ್ದು ದೂರದಲ್ಲಿತ್ತು. ನನಗೆ ಬಾಯಾರಿತ್ತು — ಎಷ್ಟು ಸಣ್ಣ ಕಾರಣ.

"ಕೆಳಗ ಒರತಿ ಐತಿ, ನೀರು ತಗಂಡು ಬಾರಲೇ," ಎಂದೆ.

"ಹಗ್ಗ?" ಎಂದು ಕೇಳಿದೆ ನೀನು.

"ಎರಡೂ ಕಡಿ ನಾ ನೋಡ್ಕಂತೀನಿ, ಹೋಗು."

ನೀನು ಹಗ್ಗವನ್ನು ಮರಕ್ಕೆ ಸುತ್ತಿ, ಬಿಗಿಯಾಗಿದೆಯೇ ಎಂದು ಜಗ್ಗಿ ನೋಡಿ ಹೋದೆ. ಸ್ವಲ್ಪ ಹೊತ್ತಿಗೆ ಹಂದಿ ಬಂತು. ನಿನ್ನ ಕಡೆಯ ಹಗ್ಗ ಮರದಲ್ಲೇ ನಿಂತಿತ್ತು, ದುರುಗಪ್ಪ. ಸಡಿಲಾದದ್ದು ನನ್ನ ಕಡೆ. ಹಂದಿಯ ಉಸಿರು ಕೇಳಿದ್ದೇ ನನ್ನ ಕೈ ತಾನಾಗಿ — ಇಲ್ಲ, ತಾನಾಗಿ ಅಲ್ಲ. ನಾನೇ ಬಿಟ್ಟೆ. ಬಿಟ್ಟು ಬಂಡೆಯ ಮೇಲೆ ಹತ್ತಿ ಮಲಗಿದೆ. ಹಂದಿ ಸಡಿಲಾದ ಬಲೆಯಡಿ ನುಸುಳಿ ಈರಣ್ಣನ ತೊಡೆ ಸೀಳಿತು. ಅವನು ಎರಡು ಸಲ ನನ್ನ ಹೆಸರು ಕೂಗಿದ. ನಾನು ಬಂಡೆಗೆ ಕೆನ್ನೆ ಒತ್ತಿ ಹಾಗೇ ಇದ್ದೆ.

ಓಡಿ ಬಂದವನು ನೀನು. ನೀರು ಚೆಲ್ಲಿ, ಕಲ್ಲೆತ್ತಿ ಹೊಡೆದು ಹಂದಿಯನ್ನು ಅಟ್ಟಿದೆ. ಪಂಚೆ ಹರಿದು ತೊಡೆಗೆ ಕಟ್ಟಿದೆ. ಅಷ್ಟರಲ್ಲಿ ನಾನು ಇಳಿದು ಬಂದಿದ್ದೆ. ನಾಯಿಯವರೂ ಬಂದರು. ಏನಾಯಿತು ಎಂದು ಅವರು ಕೇಳಿದ್ದಕ್ಕೆ ನನ್ನ ಬಾಯಿಂದ ಮೊದಲು ಬಂದದ್ದು, "ದುರುಗ ಜಾಗದಾಗ ಇರಲಿಲ್ಲ. ಅವನ ಹಗ್ಗ ಹಿಡಿಯಾಕ ಆ ಕಡಿ ಓಡಿದ್ದೆ."

"ನೀರಿಗೆ ಹೋಗಂತ ನೀನ ಹೇಳಿದ್ದಿ," ಎಂದೆ ನೀನು.

"ನಾ ಹೇಳಿಲ್ಲ," ಎಂದೆ.

 ನೀನು ಬಲೆ ಮಡಚಿ, ಅದರಲ್ಲಿ ಈರಣ್ಣನನ್ನು ಮಲಗಿಸಿ, ಟೆಂಪೊ ನಿಲ್ಲಿಸಿದ್ದ ರಸ್ತೆ ಬರುವ ತನಕ ಒಂದು ತುದಿಯನ್ನು ಹೆಗಲು ಬದಲಿಸದೆ ಹೊತ್ತೆ. ಆಸ್ಪತ್ರೆಯಲ್ಲಿ ಎತ್ತು ತಿವಿಯಿತು ಎಂದೆವು. ಬೇಟೆಯ ಮಾತು ಹೊರಗೆ ಬರುವಂತಿರಲಿಲ್ಲ, ಹಾಗಾಗಿ ಯಾರೂ ಕೂಡಿ ಕೂತು ವಿಚಾರಿಸಲಿಲ್ಲ. ಆ ಮೌನ ನನಗೆ ಅನುಕೂಲವಾಯಿತು. ಪಿಸುಮಾತಿನಲ್ಲಿ ಮಾತ್ರ ನೀನು 'ಓಡಿದ ದುರುಗ' ಆದೆ.

ಆಮೇಲೆ ನಿನ್ನನ್ನು ಯಾರೂ ಯಾವುದಕ್ಕೂ ಜೊತೆಗೆ ಕರೆಯಲಿಲ್ಲ. ನಾಟಿಯ ಗುಂಪಿಗೆ ಬೇಡ, ಹೆಣ್ಣು ನೋಡಲು ಹೋಗುವವರಿಗೆ ಬೇಡ. ಈರಣ್ಣನಿಗೆಂದು ನಿನ್ನ ಹೆಂಡತಿ ಗಂಜಿ ಮಾಡಿಕೊಂಡು ಬಂದಳು. ಅವನ ಮನೆಯವರು ಬಾಗಿಲಿನಿಂದಲೇ ತಿರುಗಿಸಿದರು. ನಾನು ಪಡಸಾಲೆಯಲ್ಲಿ ಕೂತಿದ್ದೆ. ನೀನು ವಡ್ಡು ಊರಿನ ಕಡೆಯ ಕಾರ್ಖಾನೆಗೆ ಕೂಲಿಗೆ ಹೋದೆ. ಬೇಟೆ ನಿಂತುಹೋಯಿತು. ಆದರೂ ದೂರದ ದಾರಿ ಹೊರಟವರು ಯಾರು ಆಗಬಹುದೆಂದು ನನ್ನನ್ನೇ ಕೇಳುತ್ತಾ ಬಂದರು, ನಾನು ಹೇಳುತ್ತಾ ಬಂದೆ.

ಮೂರು ದಿನದ ಹಿಂದೆ ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವವರ ಹೆಸರು ಬರೆಯುತ್ತಿದ್ದಾಗ ನೀನು ಬಂದೆ.

"ನನ್ನ ಹೆಸರೂ ಬರ್ಕಳ್ರಿ. ನಮ್ಮಾಕಿ ಹರಕಿ ಹೊತ್ತಿದ್ದಳು. ಆಕಿ ತೀರಿಹೋದಳು. ನಾನರ ಮುಟ್ಟಸ್ತೀನಿ."

ಲೇ ಜಂಬ್ಯಾ ಅನ್ನುತ್ತಿದ್ದವನು ನನಗೆ 'ರಿ' ಹಚ್ಚಿ ಮಾತಾಡಿದೆ.

"ಮಂದಿ ಭಾಳ ಆಗ್ಯಾರ, ಈ ಸಲ ಆಗಂಗಿಲ್ಲ," ಎಂದೆ. ಹಾಳೆಯಲ್ಲಿ ಇನ್ನೂ ಜಾಗವಿತ್ತು. ಕೂತವರಲ್ಲಿ ಒಬ್ಬ, "ಅಡವ್ಯಾಗ ಓಡಿಹೋದ್ರ ಹುಡುಕೋರು ಯಾರು?" ಎಂದ. ಉಳಿದವರು ನಕ್ಕರು. ನಾನು ತಲೆ ಎತ್ತಲಿಲ್ಲ.

"ಆತು ಬಿಡ್ರಿ. ಒಬ್ಬನ ಹೋಗ್ತೀನಿ," ಎಂದು ನೀನು ಹೊರಟೆ. ನೀನು ಜಗಳ ಮಾಡಿದ್ದರೆ ಬಹುಶಃ ನಾನು ಇನ್ನೂ ಹಾಗೇ ಇರುತ್ತಿದ್ದೆನೋ ಏನೋ —

ಅವತ್ತು ಸಂಜೆ ಈರಣ್ಣನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವನು ಕುಂಟುಗಾಲನ್ನು ಚಾಚಿಕೊಂಡು ಕೇಳಿದ. ಕೊನೆಗೆ ಒಂದೇ ಪ್ರಶ್ನೆ.

"ನಾ ಕೂಗಿದ್ದು ಕೇಳಿತ್ತಾ ನಿನಗ?"

"ಕೇಳಿತ್ತು."

ಅವನು ಚಾಚಿದ ಕಾಲನ್ನು ಎಳೆದುಕೊಂಡ. ಬೈಯಲಿಲ್ಲ. "ದುರುಗನ ಹೆಂಡ್ತಿನ ಬಾಗಿಲಿಂದ ಹೊಳ್ಳಿ ಕಳಿಸೀವಿ ನಾವು," ಎಂದ. "ನನ್ನ ಮುಂದ ಹೇಳಿದ್ರ ಏನು ಬಂತು? ಮಂದಿ ಮುಂದ ಹೇಳು."

ಸೋಮವಾರ ಬೆಳಿಗ್ಗೆ, ತಂಡ ಹೊರಡುವ ಮೊದಲು, ಹನುಮಪ್ಪನ ಗುಡಿಯ ಮುಂದೆ ಇದನ್ನು ಓದುತ್ತೇನೆ. ಅದಕ್ಕೂ ಮೊದಲು ನಿನ್ನ ಕೈಗೆ ಕೊಡುತ್ತಿದ್ದೇನೆ. ಅವರ ಜೊತೆ ಹೋಗುವುದೋ ಒಬ್ಬನೇ ಹೋಗುವುದೋ, ಅದು ನಿನಗೆ ಬಿಟ್ಟದ್ದು. ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದುಹಾಕಿದ್ದೇನೆ — ಅದನ್ನು ಕೇಳಿದರೆ ಮತ್ತೊಂದು ಭಾರ ನಿನ್ನ ಮೇಲೆ ಹೊರಿಸಿದಂತೆ. ನಿನ್ನ ಹೆಂಡತಿಗೆ ಹೇಳುವ ಕಾಲವಂತೂ ಕಳೆದುಹೋಯಿತು.

ಓದಿ ಮುಗಿದ ಮೇಲೆ ನಾನು ಅಲ್ಲಿಂದ ಕದಲುವುದಿಲ್ಲ. ಯಾರು ಏನು ಅಂದರೂ, ಕೊನೆಯವನು ಅಂದು ಮುಗಿಸುವ ತನಕ, ನಿಂತು ಕೇಳುತ್ತೇನೆ.