ಮಲ್ಲಿ ಡಾಟ್ ಗೆ

ಮದುವೆ ಹಾರ ಕಟ್ಟುವುದರಲ್ಲಿ ಹೊರಮಾವಿನ ಸುಕನ್ಯ ಹೆಸರುವಾಸಿ. ಅವಳ ವೆಬ್‌ಸೈಟಿನ ಹೆಸರು ಮಾತ್ರ ಮಾರುದ್ದ: 'ಶ್ರೀ ಸುಕನ್ಯ ಫ್ಲವರ್ ಡೆಕೊರೇಟರ್ಸ್ ಡಾಟ್ ಕಾಮ್'. ಅವಳ ಚಿಕ್ಕಮ್ಮನ ಮಗಳು ಲಿಖಿತಾ ಹಲಸೂರಿನಲ್ಲಿ ಅದೇ ವ್ಯಾಪಾರ ಶುರುಮಾಡಿ, ತನ್ನ ವೆಬ್‌ಸೈಟಿಗೆ 'ಮಲ್ಲಿ ಡಾಟ್ ಗೆ' ಎಂದು ಹೆಸರಿಟ್ಟಳು. ಡಾಟ್ ಕಾಮ್ ಇರಬೇಕಾದ ಕಡೆ ಜಾರ್ಜಿಯಾ ದೇಶದ ವೆಬ್‌ಸೈಟುಗಳ ಕೊನೆಗೆ ಬರುವ 'ge' ಎಂಬ ಎರಡು ಇಂಗ್ಲಿಷ್ ಅಕ್ಷರ. ಸೇರಿಸಿ ಓದಿದರೆ ಮಲ್ಲಿಗೆ! ನೆಂಟರೆಲ್ಲ ಹೊಗಳಿದ್ದೇ ಹೊಗಳಿದ್ದು. "ಎಂಥಾ ತಲೆ ನೋಡು ಆ ಹುಡುಗೀದು" ಎಂದು ಗಂಡ ಕೆಂಪರಾಜನೂ ಅಂದಾಗ ಸುಕನ್ಯಳ ಹೊಟ್ಟೆಗೆ ಬೆಂಕಿ ಬಿತ್ತು. ಬುದ್ಧಿ ಬಂದಾಗಿನಿಂದ ಮಲ್ಲಿಗೆ ಕಟ್ಟಿದವಳು ತಾನು. ಆ ಹೆಸರು ತನಗೇಕೆ ಹೊಳೆಯಲಿಲ್ಲ?

ವರ್ಷ ವರ್ಷ ದುಡ್ಡು ಕಟ್ಟದಿದ್ದರೆ ಇಂಥ ಹೆಸರು ಕೈತಪ್ಪುತ್ತದೆ; ಅಂದಿನಿಂದ ಅವಳು ಅದರ ಅವಧಿ ಮುಗಿಯುವುದನ್ನೇ ಕಾದಳು. ಶ್ರಾವಣದ ಒಂದು ಬೆಳಗ್ಗೆ ನೋಡಿದರೆ ಅದು ಮಾರಾಟಕ್ಕಿತ್ತು. ಹಿಂದೆ ಮುಂದೆ ನೋಡದೆ ಕೊಂಡುಬಿಟ್ಟಳು. ಲಿಖಿತಾಳ ದನಿ ಕುಗ್ಗುವುದನ್ನು ಕೇಳಬೇಕೆಂದೇ ಫೋನ್ ಮಾಡಿದಳು.

"ನಿನ್ನ ಮಲ್ಲಿಗೆ ಈಗ ನಂದು ಕಣೆ."

"ಅಯ್ಯೋ ಅಕ್ಕ, ನಾನೇ ಬಿಟ್ಬಿಟ್ಟೆ. ಎಲ್ರೂ ಕೊನೇಲಿ ಡಾಟ್ ಕಾಮ್ ಸೇರಿಸ್ತಿದ್ರು, ಸೈಟ್ ಸಿಗ್ತಾನೇ ಇರ್ಲಿಲ್ಲ. ಹೇಳೀ ಹೇಳೀ ಸಾಕಾಯ್ತು. ಈಗ ಜನ ಲಿಖಿತಾ ಹಾರ ಅಂತ್ಲೇ ಕೇಳ್ಕೊಂಡು ಬರ್ತಾರೆ. ನಿಂಗಾದ್ರೂ ಉಪಯೋಗಕ್ಕೆ ಬರ್ಲಿ ಬಿಡು."

ಸುಕನ್ಯ ಫೋನ್ ಇಟ್ಟಳು. ಹೆಸರೇನೋ ಕೈಗೆ ಬಂದಿತ್ತು. ಅದನ್ನು ಅಷ್ಟು ಹಗುರವಾಗಿ ಬಿಟ್ಟುಕೊಟ್ಟವಳ ನಿಶ್ಚಿಂತೆ ಕಂಡು ಅವಳ ಹೊಟ್ಟೆ ಮೊದಲಿಗಿಂತ ಹೆಚ್ಚು ಉರಿಯಿತು.